ಕೊಯಿಂಬ್ರಾದಲ್ಲಿ ಗಲಬರಿಸಿದ ಬಣ್ಣ

ಕಮಲಾಪುರ

ಪೋರ್ಚುಗಲ್ಲಿಗೆ ಹೊರಟಿದ್ದೇನೆ ಎಂದು ಹೇಳಲು ಕಮಲಾಪುರಕ್ಕೆ ಹೋದರೆ ನಮ್ಮವ್ವ ಕೇಳಿದ್ದು ಒಂದೇ ಮಾತು. "ಅಷ್ಟು ದೂರ ಹೋಗಿ ಅಲ್ಲೂ ರಕ್ತದಾಗೇ ಕೈ ಹಾಕಾಕಿ ಏನು?"

ನಾನು ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಪಾಠ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ರಕ್ತದ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತೇನೆ. ಕೊರಳಲ್ಲಿ ಲಿಂಗ ಕಟ್ಟಿದ, ತತ್ತಿಯನ್ನೂ ಹೊಸ್ತಿಲೊಳಗೆ ಬಿಡದ ನಮ್ಮ ಮನೆತನದಲ್ಲಿ ಇದು ನೆಂಟರ ಮುಂದೆ ಹೇಳಿಕೊಳ್ಳುವ ಸಂಗತಿಯಲ್ಲ. ನಾನು ಮುಟ್ಟುವುದು ರಕ್ತವನ್ನಲ್ಲ, ಅದರಿಂದ ಬೇರ್ಪಡಿಸಿ ಒಣಗಿಸಿದ ಪುಡಿಯನ್ನು, ನೋಡಲು ಥೇಟ್ ಹಾಲಿನ ಪುಡಿ ಎಂದು ಒಮ್ಮೆ ಅವ್ವನಿಗೆ ಸಮಾಧಾನ ಹೇಳಿದ್ದೆ. ಅಂದಿನಿಂದ ಅವಳು ಹಾಲಿನ ಪುಡಿ ಮುಟ್ಟುವುದನ್ನೂ ಬಿಟ್ಟಳು. ನಾನು ಊರಿಗೆ ಹೋದಾಗಲೆಲ್ಲ ಬಚ್ಚಲಮನೆಯ ಕಡೆ ಬೆರಳು ತೋರಿಸಿ "ಮೊದಲ ಜಳಕ, ಆಮ್ಯಾಲ ಮಾತು" ಎನ್ನುತ್ತಾಳೆ.

ಆ ಪುಡಿಯ ಹೆಸರು ಅಲ್ಬುಮಿನ್. ನಮ್ಮ ರಕ್ತದಲ್ಲಿ ಅದು ಹಳ್ಳಿಯಿಂದ ಹಳ್ಳಿಗೆ ಓಡಾಡುವ ಟಂಟಂ ಆಟೊ ಇದ್ದ ಹಾಗೆ. ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು, ಬೇಕಾದಲ್ಲಿ ಇಳಿಸುತ್ತ ಹೋಗುತ್ತದೆ. ನಾವು ನುಂಗುವ ಎಷ್ಟೋ ಔಷಧಿಗಳು ಅದನ್ನೇ ಹತ್ತುತ್ತವೆ. ನಾನು ಬೆನ್ನು ಹತ್ತಿರುವ ಪ್ರಯಾಣಿಕರು ಪಾರ್ಫಿರಿನ್ ಎಂಬ ಬಣ್ಣಗಳು. ರಕ್ತದ ಕೆಂಪು, ಎಲೆಯ ಹಸಿರು ಎರಡೂ ಇದೇ ಮನೆತನದವು. ಇವುಗಳಲ್ಲಿ ನೀರಿನಲ್ಲಿ ಕರಗುವ ಕೆಲವನ್ನು ರೋಗಿಯ ಮೈಗೆ ಕೊಟ್ಟು, ಗಡ್ಡೆಯಿದ್ದ ಕಡೆ ಬೆಳಕು ಬಿಟ್ಟರೆ ಅಲ್ಲಿನ ಕೆಟ್ಟ ಜೀವಕೋಶಗಳನ್ನು ಸುಡಬಹುದು ಎಂಬುದು ನಮ್ಮ ಕಸುಬಿನವರ ಆಸೆ. ಅದಕ್ಕೆ ಮೊದಲು ಬಣ್ಣವು ಪ್ರೋಟೀನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ತಿಳಿಯಬೇಕು. ಹಿಡಿತ ಸಡಿಲವಿದ್ದರೆ ದಾರಿಯಲ್ಲೇ ಬೀಳುತ್ತದೆ, ತೀರ ಬಿಗಿಯಿದ್ದರೆ ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯುವುದೇ ಇಲ್ಲ. ಆ ಬಿಗಿತವನ್ನು ನಾವು ಒಂದು ಅಂಕಿಯಲ್ಲಿ ಹೇಳುತ್ತೇವೆ. ನನ್ನನ್ನು ವಿಮಾನ ಹತ್ತಿಸಿದ್ದು ಅಂಥದೊಂದು ಅಂಕಿ.

ಅಂಕಿ ನನ್ನ ವಿದ್ಯಾರ್ಥಿನಿ ಆಯೇಷಾಳದು. ಮೋಮಿನಪುರದ ಹುಡುಗಿ, ಪಿಎಚ್‌.ಡಿ. ಕೊನೆಯ ಹಂತದಲ್ಲಿದ್ದಾಳೆ. ಎರಡು ವರ್ಷ ಒಂದೇ ಬಣ್ಣ, ಒಂದೇ ಪ್ರೋಟೀನು ಹಿಡಿದು ಕೂತು ಅಳೆದಿದ್ದಳು. ಅದೇ ಬಣ್ಣವನ್ನು ಪೋರ್ಚುಗಲ್ಲಿನ ಕೊಯಿಂಬ್ರಾ ಊರಿನಲ್ಲಿ ತೆರೇಜಾ ಎಂಬ ಪ್ರಾಧ್ಯಾಪಕಿಯೂ ಅಳೆಯುತ್ತಿದ್ದರು. ಎರಡೂ ಕಡೆಯ ಕೆಲಸ ಸೇರಿಸಿ ಬರೆಯೋಣ ಎಂದು ಮಾತಾಗಿತ್ತು. ಹೋಲಿಸಿ ನೋಡಿದರೆ ಆಯೇಷಾಳ ಅಂಕಿ ಅವರದಕ್ಕಿಂತ ಬಹಳ ದೊಡ್ಡದು. ನಮ್ಮ ಬಣ್ಣ ಪ್ರೋಟೀನನ್ನು ಅಪ್ಪಿಕೊಂಡಿದ್ದರೆ ಅವರದು ಬರೀ ಕೈಕುಲುಕಿತ್ತು.

ನಮ್ಮ ವಿಭಾಗದ ಹಿರಿಯರು ಕುಲಕರ್ಣಿ ಸರ್. ಪ್ರಬಂಧಗಳ ಪರಿಶೀಲನೆಗೆ ಕೂರುವವರು, ಮಾತು ಖಾರ, ಮನಸ್ಸು ಅಷ್ಟೇನೂ ಖಾರವಲ್ಲ. ಅವರು ಆಯೇಷಾಳ ಗ್ರಾಫುಗಳನ್ನು ತಿರುವಿ ಹಾಕಿ ಎಲ್ಲರೆದುರು ಹೇಳಿಬಿಟ್ಟರು. "ಅಂಕಿ ಭಾಳ ಛಂದ ಅವ. ಇಷ್ಟು ಛಂದ ಅಂಕಿ ಕುಂತಲ್ಲೇ ಬರದಾಗಷ್ಟೇ ಬರ್ತಾವ."

ಆ ಹುಡುಗಿ ಗ್ರಾಫುಗಳನ್ನು ಒಟ್ಟುಗೂಡಿಸಿಕೊಂಡು ಎದ್ದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ನಿಂತು ಹೇಳಿದಳು. "ಅಧ್ಯಾಯ ಹೋದ್ರ ಹೋಗ್ಲಿರೀ ಮೇಡಂ, ಮತ್ತ ಬರೀತೀನಿ. ಖೊಟ್ಟಿ ಅಂದ್ರಲ್ರೀ. ಇಜ್ಜತ್ ಹೆಂಗ ಮತ್ತ ಬರೀಲಿ?"

ಆಯೇಷಾ ಸುಳ್ಳು ಅಂಕಿ ಬರೆಯುವವಳಲ್ಲ ಎಂದು ನನಗೆ ಗೊತ್ತು. ಆದರೆ ನನಗೆ ಗೊತ್ತಿರುವುದು ವಿಜ್ಞಾನದಲ್ಲಿ ಸಾಕ್ಷಿಯಲ್ಲ. ಅದಕ್ಕೇ ತೆರೇಜಾ ಅವರು, ನೀವೇ ಇಲ್ಲಿಗೆ ಬನ್ನಿ, ಒಂದೇ ಮೇಜಿನ ಮೇಲೆ ಅಳೆದು ನೋಡೋಣ ಎಂದಾಗ ಹೊರಟುಬಿಟ್ಟೆ. ಅಲ್ಲಿ ನಮ್ಮ ಅಂಕಿ ಬಿದ್ದರೆ ಕುಲಕರ್ಣಿ ಸರ್ ಮಾತು ಆ ಹುಡುಗಿಯ ಹಣೆಗೆ ಅಂಟಿಕೊಳ್ಳುತ್ತದೆ ಎಂಬ ಹೆದರಿಕೆಯೂ ಜೊತೆಗೆ ಹೊರಟಿತು.

ಅವ್ವ ಒಂದು ಚೀಲ ಕಟ್ಟಿಕೊಟ್ಟಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ತುಪ್ಪ, ಮೇಲೆ ಅಣ್ಣನ ತೋಟದ ಕಾಯಿಗಟ್ಟಿ ಕೆಂಪು ಬಾಳೆಹಣ್ಣು. "ಹೋಗೂತನಾ ಹಣ್ಣಾಗ್ತಾವ. ಆ ಬಾಯಿಯವರಿಗೂ ಕೊಡು" ಎಂದಳು.

ಲಿಸ್ಬನ್

ಬಾಳೆಹಣ್ಣನ್ನು ಕಿತ್ತುಕೊಳ್ಳುತ್ತಾರೆ, ತುಪ್ಪವನ್ನು ಬಿಡುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಆದದ್ದು ಉಲ್ಟಾ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದ ಅಧಿಕಾರಿಣಿ ತುಪ್ಪದ ಡಬ್ಬಿಯನ್ನು ನೋಡಿ, ಹಾಲಿನಿಂದ ಮಾಡಿದ್ದು ಒಳಗೆ ಬರುವಂತಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿ ಪಕ್ಕಕ್ಕೆ ಇಟ್ಟಳು. ಅವ್ವ ಎಮ್ಮೆಯ ಹಾಲು ಹೆಪ್ಪು ಹಾಕಿ, ಕಡೆದು, ಕಾಸಿದ್ದು. ಗುರುತಿಲ್ಲದವರ ಮನೆಯಲ್ಲಿ ಕೂಸನ್ನು ಬಿಟ್ಟುಬಂದಂತೆ ಅನಿಸಿತು.

ಆಮೇಲೆ ಅವಳ ಕೈಗೆ ಬಾಳೆಹಣ್ಣು ಬಂತು.

"ಇದೇನು?"

"ಬಾಳೆಹಣ್ಣು."

"ಬಾಳೆಹಣ್ಣು ಹಳದಿ ಅಲ್ಲವೇ?"

"ನಮ್ಮೂರಿನಲ್ಲಿ ಕೆಂಪು."

ಅವಳು ಇನ್ನೊಬ್ಬನನ್ನು ಕರೆದಳು. ಅವನು ಮೂಸಿ ನೋಡಿ ಮೂರನೆಯವನನ್ನು ಕರೆದ. ಮೂವರೂ ಸೇರಿ ಒಂದು ಹಣ್ಣನ್ನು ಕೈಯಿಂದ ಕೈಗೆ ದಾಟಿಸಿ, ತಮ್ಮಲ್ಲೇ ಏನೋ ಮಾತಾಡಿಕೊಂಡು ನಕ್ಕು, ಬಾಳೆಹಣ್ಣಿಗೆ ಅಡ್ಡಿಯಿಲ್ಲ ಎಂದು ಕಳಿಸಿದರು. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತು ಕೈಯಲ್ಲಿ ಹಿಡಿದ ಮೇಲೆ ಒಂದನ್ನಾದರೂ ತಿಂದು ನೋಡುತ್ತಿದ್ದರು. ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ತುಪ್ಪದ ಸಿಟ್ಟು ಇನ್ನೂ ಇತ್ತು.

ತೆರೇಜಾ ಅವರ ಮನೆ

ಕೊಯಿಂಬ್ರಾ ಒಂದು ಗುಡ್ಡದ ಮೇಲೆ ಹತ್ತಿ ಕೂತ ಊರು. ಕೆಳಗೆ ನದಿ, ಮೇಲೆ ವಿಶ್ವವಿದ್ಯಾಲಯ, ನಡುವೆ ಉಸಿರು ಹಿಡಿಸುವ ಕಲ್ಲಿನ ಮೆಟ್ಟಿಲು. ನಮ್ಮ ಕಲಬುರಗಿಯಲ್ಲಿ ಎತ್ತರ ಎಂದರೆ ಸೇಡಂ ರಸ್ತೆಯ ಆಸ್ಪತ್ರೆಗಳ ಮೇಲಂತಸ್ತು. ಸಪಾಟು ಊರಿನಲ್ಲಿ ಬೆಳೆದ ಕಾಲುಗಳು ಮೊದಲ ದಿನವೇ ತಕರಾರು ಎತ್ತಿದವು.

ರೈಲು ನಿಲ್ದಾಣಕ್ಕೆ ತೆರೇಜಾ ಅವರೇ ಬಂದಿದ್ದರು. ಅರವತ್ತರ ಹತ್ತಿರದ, ಗಂಡು ಕಟಿಂಗಿನ ಬೆಳ್ಳಿ ಕೂದಲಿನ ಹೆಂಗಸು. ನಾನು ಕೈಮುಗಿಯಲು ಬಗ್ಗಿದೆ, ಅವರು ಕೆನ್ನೆಗೆ ಮುತ್ತು ಕೊಡಲು ಬಗ್ಗಿದರು. ಇಬ್ಬರ ಚಶ್ಮಾಗಳು ಢೀ ಹೊಡೆದವು. ಅಲ್ಲಿ ಎರಡು ಕೆನ್ನೆಗೂ ಒಂದೊಂದು ಕೊಡುವುದು ವಾಡಿಕೆ ಎಂದು ಗೊತ್ತಿಲ್ಲದ ನಾನು ಒಂದಕ್ಕೇ ಹಿಂದೆ ಸರಿದೆ, ಎರಡನೆಯದು ಗಾಳಿಗೆ ಹೋಯಿತು.

ಮರ್ಯಾದೆಯ ಮಾತಿನಲ್ಲಿ ಆ ಜನ ನಮ್ಮನ್ನೂ ಮೀರಿಸಿದವರು. ವಿಭಾಗದ ಬಾಗಿಲು ಕಾಯುವ ಮನುಷ್ಯ ನನ್ನನ್ನು ದಿನವೂ "ಸೆನ್ಯೋರಾ ಪ್ರೊಫೆಸೋರಾ ದೊತೋರಾ" ಎಂದು ಪೂರ್ತಿ ಉದ್ದಕ್ಕೆ ಕರೆಯುತ್ತಿದ್ದ. ಅಷ್ಟನ್ನೂ ನಾವು ಒಂದು 'ರೀ'ಯಲ್ಲಿ ಮುಗಿಸುತ್ತೇವೆ ಎಂದು ತೆರೇಜಾ ಅವರಿಗೆ ಹೇಳಿದೆ. ನಿಮ್ಮದೇ ವೈಜ್ಞಾನಿಕ ಪದ್ಧತಿ ಎಂದರು.

ನನ್ನನ್ನು ಅವರು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಮನೆಯಲ್ಲಿ ಅವರ ತಾಯಿ, ಎಂಬತ್ತು ದಾಟಿದವರು. ಎಲ್ಲರೂ ಅವರನ್ನು ದೋನಾ ಆಲ್ದಾ ಎನ್ನುತ್ತಿದ್ದರು. ದೋನಾ ಎಂದರೆ ನಮ್ಮಲ್ಲಿ ಬಾಯಿಯವರು ಎಂದ ಹಾಗೆ. ಆಕೆಗೆ ಪೋರ್ಚುಗೀಸ್ ಬಿಟ್ಟು ಬೇರೆ ಭಾಷೆ ಬಾರದು, ನನಗೆ ಪೋರ್ಚುಗೀಸ್ ಬಾರದು. ಎರಡೇ ದಿನದಲ್ಲಿ ನಾನು ಕನ್ನಡದಲ್ಲೇ ಮಾತಾಡತೊಡಗಿದೆ, ಯಾರಿಗೂ ತೊಂದರೆಯಾಗಲಿಲ್ಲ.

ಅಲ್ಲಿನ ಚಳಿಯ ಬಗ್ಗೆ ಹೇಳಲೇಬೇಕು. ಹೊರಗೆ ಬಿಸಿಲು, ಮನೆಯೊಳಗೆ ಚಳಿ. ದಪ್ಪ ಕಲ್ಲಿನ ಗೋಡೆಗಳು ಚಳಿಗಾಲವನ್ನು ಉಪ್ಪಿನಕಾಯಿ ಹಾಕಿಟ್ಟಂತೆ ಕಾಪಾಡುತ್ತವೆ. ಜನ ಹೊರಗೆ ಹೋಗುವಾಗ ಕೋಟು ಬಿಚ್ಚಿ, ಒಳಗೆ ಬಂದಾಗ ಹಾಕಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಫ್ಯಾನಿನ ಗಾಳಿಯೂ ಸುಡುವ ಊರಿನಿಂದ ಹೋದ ನಾನು ಎರಡು ಸ್ವೆಟರ್, ಒಂದು ಶಾಲು, ಅದರ ಮೇಲೆ ದೋನಾ ಆಲ್ದಾ ಹೊದಿಸಿದ ಕಂಬಳಿಯೊಳಗೆ ಕೂತು ಚಹಾ ಕುಡಿಯುತ್ತಿದ್ದೆ. ಬಾಳೆಹಣ್ಣಂತೂ ಕಲ್ಲಿನಂತೆ ಕೂತುಬಿಟ್ಟಿತು. ದೋನಾ ಆಲ್ದಾ ದಿನಾ ಬೆಳಿಗ್ಗೆ ಒಂದನ್ನು ಹಿಸುಕಿ ನೋಡಿ, ನನ್ನ ಕಡೆ ತಿರುಗಿ, ಪಾಪ ಎನ್ನುವಂತೆ ತಲೆಯಾಡಿಸುತ್ತಿದ್ದರು.

ಒಂದೇ ಮೇಜು, ಎರಡು ಅಂಕಿ

ಪ್ರಯೋಗಾಲಯದಲ್ಲಿ ನಾವು ಅಳೆಯುವ ಬಣ್ಣಕ್ಕೆ ಬೆಳಕು ಆಗದು. ಹೆಚ್ಚು ಬೆಳಕು ಬಿದ್ದರೆ ಅದು ಕೆಡುತ್ತದೆ. ಆದ್ದರಿಂದ ಕೋಣೆಗೆ ಕಪ್ಪು ಪರದೆ ಎಳೆದು, ಮಿಣುಕು ದೀಪದಲ್ಲಿ ಕೆಲಸ. ಬಣ್ಣದ ನೀರನ್ನು ಕ್ಯುವೆಟ್ ಎಂಬ ಬೆರಳುದ್ದದ ಚೌಕ ಗಾಜಿನ ಕುಡಿಕೆಗೆ ಹಾಕಿ ಯಂತ್ರದೊಳಗೆ ಇಡುತ್ತೇವೆ. ಪ್ರೋಟೀನನ್ನು ಹನಿ ಹನಿಯಾಗಿ ಬಿಡುತ್ತ ಹೋದಂತೆ ಬಣ್ಣದ ಹೊಳಪು ಬದಲಾಗುತ್ತದೆ. ಆ ಬದಲಾವಣೆಯಿಂದ ಬಿಗಿತದ ಅಂಕಿಯನ್ನು ತೆಗೆಯುತ್ತೇವೆ.

ಮೊದಲ ದಿನ ತೆರೇಜಾ ಅವರು ಅಳೆದರು. ಅವರ ಹಳೆಯ ಅಂಕಿಯೇ ಬಂತು. ಮರುದಿನ ಅದೇ ಶೀಶೆಯ ಬಣ್ಣ, ಅದೇ ಡಬ್ಬಿಯ ಪ್ರೋಟೀನು, ಅದೇ ಯಂತ್ರದಲ್ಲಿ ನಾನು ಅಳೆದೆ. ಯಂತ್ರದ ಪರದೆಯ ಮೇಲೆ ಗೆರೆ ಏರುವುದನ್ನು ಶಾಲು ಬಿಗಿ ಹಿಡಿದು ನೋಡುತ್ತ ಕೂತೆ. ಬಂದದ್ದು ಆಯೇಷಾಳ ಅಂಕಿ. ಹೆಚ್ಚುಕಡಿಮೆ ತದ್ರೂಪು.

ನಾನು ಕೂತಲ್ಲೇ ಕಣ್ಣು ಒರೆಸಿಕೊಂಡೆ. ಹುಡುಗಿ ಬರೆದದ್ದಲ್ಲ, ಯಂತ್ರ ಕೊಟ್ಟದ್ದು. ತೆರೇಜಾ ಅವರು ನನ್ನ ಭುಜ ಮುಟ್ಟಿ, "ನಿಮ್ಮ ವಿದ್ಯಾರ್ಥಿನಿ ಪ್ರಾಮಾಣಿಕಳು. ಆದರೆ ಈಗ ನಾವು ಇನ್ನೂ ದೊಡ್ಡ ತೊಂದರೆಯಲ್ಲಿ ಇದ್ದೇವೆ" ಎಂದರು.

ನಿಜವೇ. ಒಂದೇ ಬಣ್ಣಕ್ಕೆ ಎರಡು ಸತ್ಯ ಇರಲು ಸಾಧ್ಯವಿಲ್ಲ. ಇಬ್ಬರಲ್ಲಿ ಒಬ್ಬರ ಕೈ ತಪ್ಪುತ್ತಿದೆ. ತಪ್ಪುವ ಕೈ ಕಲಬುರಗಿಯದಾದರೆ, ಸುಳ್ಳುಗಾರ್ತಿ ಎಂಬ ಹೆಸರು ಹೋಗಿ ಕೆಲಸಗೇಡಿ ಎಂಬ ಹೆಸರು ಬರುತ್ತದೆ. ಆಯೇಷಾಗೆ ಯಾವುದು ಹೆಚ್ಚು ನೋಯುತ್ತದೆ ಎಂದು ನನಗೇ ತಿಳಿಯಲಿಲ್ಲ. ಅವಳಿಗೆ ಫೋನ್ ಮಾಡುವುದನ್ನು ಮುಂದೆ ಹಾಕಿದೆ.

ಆ ವಾರವೆಲ್ಲ ನಾವು ನೀರು ಬದಲಿಸಿದೆವು, ಉಪ್ಪು ಬದಲಿಸಿದೆವು, ಯಂತ್ರದ ದೀಪ ಬದಲಿಸಿದೆವು. ಅವರು ಅಳೆದರೆ ಅವರದೇ ಅಂಕಿ, ನಾನು ಅಳೆದರೆ ನನ್ನದೇ. ಅತ್ತೆ ಸೊಸೆ ಒಂದೇ ಒಲೆಯ ಮೇಲೆ ಒಂದೇ ಬೇಳೆಯಲ್ಲಿ ಮಾಡಿದ ಸಾರು ಬೇರೆಯಾಗುವ ಹಾಗೆ. ಇಬ್ಬರೂ ಯಂತ್ರದ ಪರದೆಯನ್ನೇ ನೋಡುತ್ತಿದ್ದೆವು. ಮಂದ ಬೆಳಕಿನಲ್ಲಿ ಪಕ್ಕದ ತೊಳೆಯುವ ತೊಟ್ಟಿಯ ಹತ್ತಿರ ಯಾರು ಏನು ಮಾಡುತ್ತಾರೆ ಎಂದು ಯಾರೂ ನೋಡಲಿಲ್ಲ.

ಭಾನುವಾರದ ಊಟ

ಪೋರ್ಚುಗಲ್ಲಿನಲ್ಲಿ ಸಸ್ಯಾಹಾರಿ ಎಂದರೆ ಮಾಂಸ ಬೇಡ, ಮೀನು ಅಡ್ಡಿಯಿಲ್ಲ ಎಂದು ಅರ್ಥ. ಮೀನೂ ಬೇಡ ಎಂದರೆ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ದೋನಾ ಆಲ್ದಾ ನನಗಾಗಿ ಸೊಪ್ಪು ಆಲೂಗಡ್ಡೆಯ ಸಾರು ಮಾಡಿದರು. ಹಸಿರು ಹಸಿರಾಗಿ, ನಮ್ಮ ಪುಂಡಿಪಲ್ಯವನ್ನು ತೆಳ್ಳಗೆ ಮಾಡಿದಂತೆ ಇತ್ತು. ಖುಷಿಯಿಂದ ಚಮಚ ಅದ್ದಿದರೆ ತಳದಿಂದ ಒಂದು ಕೆಂಪು ಬಿಲ್ಲೆ ತೇಲಿ ಬಂತು. ಹಂದಿ ಮಾಂಸದ ಬಿಲ್ಲೆ. ನಾನು ಚಮಚ ಕೆಳಗಿಟ್ಟೆ. ಆಕೆ ಗಾಬರಿಯಾಗಿ ಬಂದು ಬಿಲ್ಲೆಯನ್ನು ತೆಗೆದು ತಮ್ಮ ಬಟ್ಟಲಿಗೆ ಹಾಕಿಕೊಂಡು, ಈಗ ಆಯಿತಲ್ಲ, ತಿನ್ನು ಎಂದು ಸನ್ನೆ ಮಾಡಿದರು. ರುಚಿಗೆ ಒಂದೇ ಒಂದು ಹಾಕಿದ್ದಂತೆ. ಅವ್ವ ಇದನ್ನು ಓದಲಾರಳು ಎಂಬ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ. ನಾನು ಮೆಕ್ಕೆಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಊಟ ಮುಗಿಸಿದೆ. ಹಿಂಡಿ ದೋನಾ ಆಲ್ದಾ ಅವರಿಗೂ ಹಿಡಿಸಿತು. ಕಣ್ಣಲ್ಲಿ ನೀರು ಸುರಿಸುತ್ತಲೇ ಮತ್ತೆ ಮತ್ತೆ ಹಚ್ಚಿಕೊಂಡರು.

ಆಗ ತೆರೇಜಾ ಅವರು ದ್ರಾಕ್ಷಾರಸದ ಬಾಟಲಿ ತೆರೆದರು. ನಾನು ಕುಡಿಯುವವಳಲ್ಲ, ಸುಮ್ಮನೆ ನೋಡುತ್ತಿದ್ದೆ. ದೋನಾ ಆಲ್ದಾ ಮಗಳ ಕೈಯಿಂದ ಬಾಟಲಿ ತೆಗೆದುಕೊಂಡು, ಒಂದು ಲೋಟಕ್ಕೆ ಒಂದು ಗುಟುಕಿನಷ್ಟು ಹಾಕಿ, ಸುತ್ತಲೂ ಹರಿಯುವಂತೆ ಆಡಿಸಿ, ಅದನ್ನು ಎರಡನೆಯ ಲೋಟಕ್ಕೆ ಹೊಯ್ದು, ಅದನ್ನೂ ಆಡಿಸಿ, ತೊಟ್ಟಿಗೆ ಚೆಲ್ಲಿಬಿಟ್ಟರು. ಆಮೇಲೆ ಎರಡಕ್ಕೂ ಕುಡಿಯುವಷ್ಟು ಸುರಿದರು.

"ಯಾಕೆ ಚೆಲ್ಲಿದರು?" ಎಂದೆ.

"ಹಳೆಯ ಪದ್ಧತಿ. ಲೋಟಕ್ಕೆ ಮೊದಲು ವೈನಿನ ಪರಿಚಯ ಮಾಡಿಸಬೇಕಂತೆ. ಇಲ್ಲದಿದ್ದರೆ ಮೊದಲ ಗುಟುಕಿಗೆ ಲೋಟದ ರುಚಿ ಬರುತ್ತದೆ ಎನ್ನುತ್ತಾರೆ ಅಮ್ಮ. ಇದಕ್ಕೆ ಅವಿನ್ಯಾರ್ ಅಂತ ಒಂದು ಪದವೇ ಇದೆ."

ನನಗೆ ನಗು ಬಂತು. ಇದಕ್ಕೆ ನಮ್ಮಲ್ಲೂ ಒಂದು ಪದವಿದೆ. ಗಲಬರಿಸುವುದು. ಕಮಲಾಪುರದಲ್ಲಿ ಅವ್ವ ಕೊಡ ಎಷ್ಟೇ ತೊಳೆದಿದ್ದರೂ ಬರುವ ನೀರನ್ನು ಒಂದಿಷ್ಟು ಹಿಡಿದು, ಗಲಗಲ ಆಡಿಸಿ ಚೆಲ್ಲಿಯೇ ತುಂಬುವುದು. ಮಜ್ಜಿಗೆಯಾದರೆ ಮಜ್ಜಿಗೆಯಿಂದ, ಎಣ್ಣೆಯಾದರೆ ಎಣ್ಣೆಯಿಂದ. ಪ್ರಯೋಗಾಲಯದಲ್ಲೂ ನಾನು ಹಾಗೇ. ತೊಳೆದ ಕ್ಯುವೆಟ್ಟಿಗೆ ಬಣ್ಣದ ನೀರನ್ನೇ ಸ್ವಲ್ಪ ಹಾಕಿ, ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ತುಂಬುತ್ತೇನೆ. ಆಯೇಷಾಗೆ ಮೊದಲ ದಿನ ಕಲಿಸಿದ್ದೇ ಅದು.

ಇಷ್ಟನ್ನು ನಗುತ್ತ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದೆ. ತೆರೇಜಾ ಅವರ ಲೋಟವೂ ಗಾಳಿಯಲ್ಲೇ ನಿಂತಿತ್ತು.

"ನೀವು ಬಣ್ಣವನ್ನು ಚೆಲ್ಲುತ್ತೀರಾ?" ಎಂದು ಕೇಳಿದರು.

"ನೀವು ಚೆಲ್ಲುವುದಿಲ್ಲವೇ?"

"ಅದನ್ನು ತಯಾರಿಸಲು ವಾರಗಟ್ಟಲೆ ಹಿಡಿಯುತ್ತದೆ! ಆಮ್ಲದಲ್ಲಿ ತೊಳೆದು, ಒಣಗಿಸಿದ ಕ್ಯುವೆಟ್ಟಿಗೆ ನೇರ ಹಾಕುತ್ತೇನೆ. ಹನಿಯೂ ಪೋಲಾಗದಂತೆ."

ದೋನಾ ಆಲ್ದಾ ಇಬ್ಬರ ಮುಖವನ್ನೂ ನೋಡಿ, ಜಗಳ ಶುರುವಾಯಿತೆಂದು ತಿಳಿದು ಹಣ್ಣಿನ ಬುಟ್ಟಿಯನ್ನು ನಮ್ಮ ನಡುವೆ ತಂದಿಟ್ಟರು.

ಕಪ್ಪು ಪರದೆಯ ಕೋಣೆ

ಸೋಮವಾರ ಬೆಳಿಗ್ಗೆ ತೆರೇಜಾ ಅವರು ಕೋಟನ್ನೂ ಹಾಕಿಕೊಳ್ಳದೆ ಎರಡು ಕ್ಯುವೆಟ್ ತೆಗೆದುಕೊಂಡರು. ಒಂದರಲ್ಲಿ ತಮ್ಮ ರೀತಿ ಬಣ್ಣ ತುಂಬಿದರು, ಇನ್ನೊಂದರಲ್ಲಿ ನಾನು ಗಲಬರಿಸಿ ತುಂಬಿದೆ. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ಖಾಲಿ ಮಾಡಿ, ಬರೀ ನೀರಿನಿಂದ ತೊಳೆದೆವು. ಕಣ್ಣಿಗೆ ಎರಡೂ ಸ್ವಚ್ಛ. ಅವರು ಪರದೆ ಎಳೆದು, ದೀಪ ಆರಿಸಿ, ಕೈಯಲ್ಲಿ ಹಿಡಿಯುವ ನೇರಳೆ ಬೆಳಕಿನ ದೀಪವನ್ನು ಹಚ್ಚಿದರು.

ಖಾಲಿ ಕ್ಯುವೆಟ್ಟುಗಳೆರಡೂ ಕೆಂಪಗೆ ಹೊಳೆದವು. ಅವರದು ಮಂದವಾಗಿ, ನನ್ನದು ಅದಕ್ಕಿಂತ ಗಾಢವಾಗಿ, ಒಲೆಯಲ್ಲಿ ಬೂದಿಯ ಕೆಳಗೆ ಉಳಿದ ಕೆಂಡದಂತೆ.

ನಮ್ಮ ಬಣ್ಣದ ಕಣಕ್ಕೆ ನಾಲ್ಕು ಮೂಲೆಯಲ್ಲೂ ಧನ ವಿದ್ಯುದಂಶ, ಗಾಜಿನ ಮೈಗೆ ಋಣ. ಒಂದಕ್ಕೊಂದು ಅಂಟದೆ ಬಿಟ್ಟೀತೇ? ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅವರ ಒಣ ಕ್ಯುವೆಟ್ಟಿನಲ್ಲಿ ಸುರಿದ ಬಣ್ಣದ ಒಂದು ಪಾಲು ಪ್ರೋಟೀನು ಬರುವ ಮೊದಲೇ ಗೋಡೆಯ ಪಾಲಾಗುತ್ತಿತ್ತು. ಪ್ರೋಟೀನಿಗೆ ಸಿಕ್ಕಿದ್ದು ಕಡಿಮೆ, ಅದಕ್ಕೇ ಹಿಡಿತ ಸಡಿಲವಾಗಿ ಕಾಣುತ್ತಿತ್ತು. ಸರಿ, ಹಾಗಾದರೆ ಗಲಬರಿಸಿದ ನಾವೇ ಗೆದ್ದೆವು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹಿಗ್ಗು ಬಹಳ ಹೊತ್ತು ಬಾಳಲಿಲ್ಲ. ತೆರೇಜಾ ಅವರು ನನ್ನ ಖಾಲಿ ಕ್ಯುವೆಟ್ಟಿಗೆ ಬರೀ ಪ್ರೋಟೀನಿನ ನೀರು ಹಾಕಿ, ಸ್ವಲ್ಪ ಹೊತ್ತು ಇಟ್ಟು, ಹೊರಗೆ ಚೆಲ್ಲಿ ಮತ್ತೆ ದೀಪ ಹಿಡಿದರು. ಗೋಡೆಯ ಕೆಂಪು ಇಳಿದಿತ್ತು. ಅಂದರೆ ನಾವು ಗಲಬರಿಸುವಾಗ ಗೋಡೆಗೆ ಹೊಟ್ಟೆ ತುಂಬ ಬಣ್ಣ ಉಣಿಸುತ್ತಿದ್ದೆವು. ಪ್ರೋಟೀನು ಬಂದು ಆ ಗೋಡೆಯದನ್ನೂ ಕಿತ್ತು ಹತ್ತಿಸಿಕೊಳ್ಳುತ್ತಿತ್ತು. ನಾವು ಹಾಕಿದ್ದಕ್ಕಿಂತ ಹೆಚ್ಚು ಬಣ್ಣ ಸಿಕ್ಕು, ಹಿಡಿತ ಬಲು ಬಿಗಿ ಎಂದು ಕಾಣುತ್ತಿತ್ತು. ಅವರು ಒಂದು ಕಡೆಗೆ ತಪ್ಪಿದ್ದರು, ನಾವು ಇನ್ನೊಂದು ಕಡೆಗೆ. ಆಯೇಷಾಳ ಅಂಕಿಗಳು ಅಷ್ಟು ಛಂದ ಬಂದದ್ದಕ್ಕೂ ಕಾರಣ ಸಿಕ್ಕಿತು. ಒಂದೇ ಕೈ ಪ್ರತಿ ಸಲವೂ ಒಂದೇ ರೀತಿ ತಪ್ಪಿದರೆ ತಪ್ಪೂ ಛಂದವಾಗಿಯೇ ಬರುತ್ತದೆ.

ಉಳಿದ ದಿನಗಳಲ್ಲಿ ಬಣ್ಣ ಅಂಟದ ಪ್ಲಾಸ್ಟಿಕ್ ಕ್ಯುವೆಟ್ ತರಿಸಿ, ಬಣ್ಣವನ್ನು ಗಾಜಿನ ಶೀಶೆಯಿಂದಲೂ ತೆಗೆದು ಹೊಸದಾಗಿ ಅಳೆದೆವು. ಅವರ ಕೈಗೂ ನನ್ನ ಕೈಗೂ ಒಂದೇ ಅಂಕಿ ಬಂತು. ಎರಡು ಹಳೆಯ ಅಂಕಿಗಳ ನಡುವಿನದು, ನಮ್ಮದಕ್ಕೆ ತುಸು ಹತ್ತಿರ. ಆದರೆ ನಮ್ಮದಲ್ಲ.

ಅಂದು ಆಯೇಷಾಗೆ ಫೋನ್ ಮಾಡಿದೆ. ಗಾಜಿನ ಗೋಡೆಯ ಕಥೆಯನ್ನೆಲ್ಲ ಹೇಳಿ, ಅವಳು ಎಲ್ಲವನ್ನೂ ಮತ್ತೆ ಅಳೆಯಬೇಕಾಗುತ್ತದೆ ಎಂದೆ. ಫೋನಿನ ಆ ಕಡೆ, ಅವಳ ಹಿಂದೆ ಮೋಮಿನಪುರದ ಗಲ್ಲಿಯಲ್ಲಿ ಯಾರೋ ಯಾರನ್ನೋ ಕೂಗುವುದು ಕೇಳುತ್ತಿತ್ತು.

"ಅಂದ್ರ ಯಂತ್ರ ನಿಮಗೂ ನನ್ನ ಅಂಕೀನೇ ತೋರಸ್ತೇನ್ರೀ ಮೇಡಂ?"

"ಹೌದವಾ. ಬರೋಬ್ಬರಿ ನಿನ್ನ ಅಂಕೀನೇ."

"ಸಾಕ್ರೀ," ಎಂದಳು. ದನಿ ಒದ್ದೆಯಾಗಿತ್ತು. ಆಮೇಲೆ ಮೂಗು ಎಳೆದುಕೊಂಡು, "ಪ್ಲಾಸ್ಟಿಕ್‌ದಾಗೂ ಗಲಬರಸೂದು ಅದ ಏನ್ರೀ?" ಎಂದಳು.

"ಬ್ಯಾಡ ಮಾರಾಯ್ತಿ."

"ಕೈಗೆ ಚಟ ಬಿದ್ದದ್ರೀ. ಬಿಡಸ್ತೀನಿ."

ಹೊರಡುವ ದಿನ ದೋನಾ ಆಲ್ದಾ ಒಂದು ಬಾಳೆಹಣ್ಣನ್ನು ತಂದು ನನ್ನ ಕೈಯಲ್ಲಿಟ್ಟರು. ಆಕೆ ಅವನ್ನು ಸೇಬಿನ ಜೊತೆ ಕಂಬಳಿಯಲ್ಲಿ ಸುತ್ತಿ, ಒಲೆಯ ಹತ್ತಿರ ಇಟ್ಟು, ಕೊನೆಗೂ ಹಣ್ಣು ಮಾಡಿದ್ದರು. ಮೂವರೂ ಅಡುಗೆಮನೆಯಲ್ಲಿ ನಿಂತೇ ತಿಂದೆವು. ಕಮಲಾಪುರದ ಹಣ್ಣಿನ ಸಿಹಿಗೆ ಆಕೆ ಕಣ್ಣು ಮುಚ್ಚಿಕೊಂಡು ಏನೋ ಹೇಳಿದರು. ತೆರೇಜಾ ಅವರು ಅನುವಾದಿಸಲು ಹೊರಟಾಗ ಬೇಡ, ತಿಳಿಯಿತು ಎಂದೆ. ಬಾಗಿಲಲ್ಲಿ ಈ ಸಲ ಎರಡೂ ಕೆನ್ನೆಯನ್ನು ಸರಿಯಾಗಿ ಕೊಟ್ಟೆ.

ಕಲಬುರಗಿ

ಕಲಬುರಗಿಯಲ್ಲಿ ಇಳಿದಾಗ ಆಗಲೇ ಬಿಸಿಲು ಬಲಿತಿತ್ತು. ಆಯೇಷಾ ನಾನು ಬರುವುದರೊಳಗೇ ಪ್ಲಾಸ್ಟಿಕ್ ಕ್ಯುವೆಟ್ ತರಿಸಿ ಶುರು ಮಾಡಿಬಿಟ್ಟಿದ್ದಳು. ಕೆಲವು ವಾರ ಅವಳು ಊಟಕ್ಕೂ ಸರಿಯಾಗಿ ಏಳಲಿಲ್ಲ. ಕೊನೆಗೆ ಬಂದ ಅಂಕಿ ಕೊಯಿಂಬ್ರಾದ ಹೊಸ ಅಂಕಿಗೆ ಹೊಂದಿತು. ಗೆರೆ ಈ ಸಲ ಮೊದಲಿನಷ್ಟು ನುಣುಪಾಗಿರಲಿಲ್ಲ, ಅಲ್ಲಲ್ಲಿ ಒಂದೆರಡು ಚುಕ್ಕಿ ಸಾಲು ತಪ್ಪಿದ್ದವು. "ಖರೇ ಅಂಕಿ ಜರಾ ಸೊಟ್ಟ ಇರ್ತಾವ ನೋಡ್ರಿ" ಎಂದು ನಕ್ಕಳು.

ಹಳೆಯ ಗಾಜಿನ ಕ್ಯುವೆಟ್ ಏನು ಮಾಡಿದೆ ಎಂದು ಕೇಳಿದೆ. ಅವಳು ಕಪಾಟಿನಿಂದ ಹತ್ತಿಯಲ್ಲಿ ಸುತ್ತಿಟ್ಟದ್ದನ್ನು ತೆಗೆದಳು. ಎರಡು ವರ್ಷ ಅವಳು ಬಳಸಿದ್ದು ಅದೊಂದನ್ನೇ.

ಕುಲಕರ್ಣಿ ಸರ್ ಅವರಿಗೆ ಸುದ್ದಿ ಮುಟ್ಟಿತ್ತು. ಒಂದು ಮಧ್ಯಾಹ್ನ, ಯಾರೂ ಕರೆಯದೆ, ಅವರೇ ಪ್ರಯೋಗಾಲಯಕ್ಕೆ ಬಂದರು. ಹೊಸ ಗ್ರಾಫು ನೋಡಿದರು, ಹಳೆಯದನ್ನು ಪಕ್ಕಕ್ಕೆ ಹಿಡಿದು ನೋಡಿದರು, ಕೆಮ್ಮಿದರು. ಕ್ಷಮೆ ಕೇಳುವ ರೂಢಿ ಆ ಮನುಷ್ಯನಿಗೆ ಇಲ್ಲ, ಅದು ಅವರ ಮುಖದಲ್ಲಿ ಒದ್ದಾಡುತ್ತಿತ್ತು.

ಆಯೇಷಾ ಕಿಟಕಿಯ ಪರದೆ ಎಳೆದಳು. "ಸರ್, ಒಂದ್ ನಿಮಿಷ ಇಲ್ಲಿ ನೋಡ್ರಿ" ಎಂದು ಹಳೆಯ ಕ್ಯುವೆಟ್ಟನ್ನು ಅವರ ಕೈಗೆ ಕೊಟ್ಟು, ದೀಪ ಆರಿಸಿ, ನೇರಳೆ ಟಾರ್ಚು ಬಿಟ್ಟಳು.

ಕುಲಕರ್ಣಿ ಸರ್ ಬೆರಳುಗಳ ನಡುವೆ ಖಾಲಿ ಗಾಜು ಕೆಂಪಗೆ ಹೊತ್ತಿಕೊಂಡಿತು. ಕೊಯಿಂಬ್ರಾದಲ್ಲಿ ಕಂಡದ್ದಕ್ಕಿಂತ ಗಾಢವಾಗಿ, ಮೂಲೆಗಳಲ್ಲಿ ಇನ್ನೂ ದಟ್ಟವಾಗಿ. ಎರಡು ವರ್ಷ ದಿನವೂ ಗಲಬರಿಸಿದ್ದರಲ್ಲಿ ಪ್ರೋಟೀನಿಗೂ ಸಿಗದೆ ಉಳಿದದ್ದು ಅಲ್ಲಿ ಪದರು ಪದರಾಗಿ ಕೂತಿತ್ತು.

"ನಾ ಕುಂತಲ್ಲೇ ಬರದದ್ದಲ್ರೀ ಸರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ದೀಪ ಹಾಕಲು ಹೋದರೆ ಬೇಡವೆಂದು ಕೈ ಅಡ್ಡ ಹಿಡಿದರು. ಆಮೇಲೆ ಆ ಕತ್ತಲಲ್ಲೇ, ಕ್ಯುವೆಟ್ಟನ್ನು ಎರಡೂ ಕೈಯಲ್ಲಿ ಅವಳ ಕಡೆ ಚಾಚಿ, "ಇದನ್ನ ತೊಳೀಬ್ಯಾಡವಾ ಆಯೇಷಾ" ಎಂದರು.

"ತೊಳದ್ರೂ ಹೋಗೂದಿಲ್ರೀ ಸರ್," ಎಂದಳು ಅವಳು.